ಮೆಲ್ಬರ್ನ್‌ಗೆ ಕ್ಯಾಸೆಟ್, ಸಿಡಿ, ಹಾರ್ಡ್ ಡಿಸ್ಕ್ ಒಯ್ಯುವ ಕುರಿತು

ಮಾನ್ಯರೆ,

ಇನ್ನು ಮೂರು ತಿಂಗಳಲ್ಲಿ ಕುಟುಂಬಸಮೇತ ಬೆಂಗಳೂರು ಬಿಟ್ಟು ಮೆಲ್ಬರ್ನ್‌ಗೆ ಬರುತ್ತಿರುವುದಾಗಿ ತಾವು ಬರೆದಿದ್ದೀರಿ. ತಂದೆಯವರ ಕಾಲದಿಂದ ಕೂಡಿಟ್ಟ ನಾನ್ನೂರು ಕ್ಯಾಸೆಟ್, ಆರುನೂರು ಸಿಡಿ, ಒಂದಿಷ್ಟು ಹಳೆಯ ಗ್ರಾಮಫೋನ್ ಪ್ಲೇಟು, ಜೊತೆಗೆ ಇವುಗಳಿಂದ ಇಳಿಸಿಕೊಂಡ ಹಾಗೂ ಸ್ನೇಹಿತರಿಂದ ಪಡೆದ ಸಂಗೀತ ತುಂಬಿದ ಎರಡು ಟೆರಾಬೈಟ್ ಹಾರ್ಡ್ ಡಿಸ್ಕ್ ತಮ್ಮ ಬಳಿ ಇದೆ. ಕಸ್ಟಮ್ಸ್‌ನವರು ನಕಲಿ ಮಾಲೆಂದು ಹಿಡಿದಿಟ್ಟುಕೊಳ್ಳುತ್ತಾರೆಯೇ, ಮೂಲ ಸಿಡಿಗಳನ್ನು ಬೆಂಗಳೂರಿನಲ್ಲೇ ಯಾರಿಗಾದರೂ ಕೊಟ್ಟು ಡಿಸ್ಕ್ ಒಂದನ್ನೇ ತಂದರೆ ಸಾಲದೇ ಎಂಬುದು ತಮ್ಮ ಪ್ರಶ್ನೆ. ಅದಕ್ಕೆ ಕೆಲವರು ಯಾರೂ ನೋಡುವುದಿಲ್ಲ, ಸುಮ್ಮನೆ ಒಯ್ಯಿರಿ ಎಂದಿದ್ದಾರೆ; ಒಬ್ಬರು ಎಲ್ಲವನ್ನೂ ಅಳಿಸಿಬಿಡಿ ಎಂದಿದ್ದಾರೆ. ಎರಡೂ ಸಲಹೆಗಳನ್ನು ನಾನು ಒಪ್ಪಲಾರೆ. 2016ರಲ್ಲಿ ಮೈಸೂರಿನಿಂದ ಇದೇ ಊರಿಗೆ ಇಂಥದ್ದೇ ಹೊರೆಯೊಂದಿಗೆ ಬಂದವನಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಮುಖ್ಯವಾದದ್ದನ್ನು ಮೊದಲೇ ಹೇಳುತ್ತೇನೆ: ಮೂಲ ಸಿಡಿ ಮತ್ತು ಕ್ಯಾಸೆಟ್‌ಗಳನ್ನು ದಯವಿಟ್ಟು ಯಾರಿಗೂ ಕೊಡಬೇಡಿ, ಮಾರಬೇಡಿ. ತಮ್ಮ ಡಿಸ್ಕಿನಲ್ಲಿರುವ ಸಂಗೀತಕ್ಕೆ ಈ ದೇಶದಲ್ಲಿ ಕಾನೂನಿನ ಆಸರೆ ದೊರೆಯುವುದೇ ಆ ಮೂಲ ಪ್ರತಿಗಳಿಂದ. ಆಸ್ಟ್ರೇಲಿಯದ 1968ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯಿದೆಗೆ 2006ರಲ್ಲಿ ಸೇರಿಸಿದ 109ಎ ವಿಧಿಯು, ಒಬ್ಬರು ತಮ್ಮದಾಗಿ ಇಟ್ಟುಕೊಂಡಿರುವ ಸಕ್ರಮ ಧ್ವನಿಮುದ್ರಿಕೆಯಿಂದ ಮನೆಬಳಕೆಗಾಗಿ ಇನ್ನೊಂದು ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಆದರೆ ಮೂಲವನ್ನಾಗಲಿ ನಕಲನ್ನಾಗಲಿ ಮುಂದೆ ಎಂದಾದರೂ ಮಾರಿದರೆ, ಬಾಡಿಗೆಗೆ ಕೊಟ್ಟರೆ, ಹಂಚಿದರೆ ಅಥವಾ ಸಾರ್ವಜನಿಕವಾಗಿ ಕೇಳಿಸಿದರೆ ಆ ಅವಕಾಶ ಮೊದಲಿನಿಂದಲೂ ಇರಲೇ ಇಲ್ಲವೆಂದು ಭಾವಿಸಬೇಕೆಂದೂ ಅದೇ ವಿಧಿ ಹೇಳುತ್ತದೆ. ಮನೆಯವರಿಗೆ ಎರವಲು ಕೊಡುವುದಕ್ಕೆ ಅಡ್ಡಿಯಿಲ್ಲ. ಡಿಸ್ಕಿನಿಂದ ಒಂದು ಭಾವಗೀತೆಯನ್ನು ತೆಗೆದು ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಹಾಕುವುದು, ಇಡೀ ಫೋಲ್ಡರನ್ನು ನಮ್ಮ ಗುಂಪಿನವರಿಗೆಂದು ಆನ್‌ಲೈನ್‌ನಲ್ಲಿ ಏರಿಸುವುದು, ಇವೆರಡೂ ಆ ಗೆರೆಯ ಆಚೆಯವು. ಒಳ್ಳೆಯ ಉದ್ದೇಶದಿಂದಲೇ ನಮ್ಮವರು ಹೆಚ್ಚಾಗಿ ಮಾಡುವ ತಪ್ಪುಗಳಾದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ತಾವು ಭಾರತದಲ್ಲಿರುವಾಗ ಮಾಡಿಕೊಂಡ ನಕಲುಗಳಿಗೆ 1957ರ ಭಾರತೀಯ ಕಾಯಿದೆಯ 52ನೆಯ ವಿಧಿಯಲ್ಲಿ ಖಾಸಗಿ ಬಳಕೆಗೆ ಕೊಟ್ಟಿರುವ ವಿನಾಯಿತಿಯೇ ಆಧಾರ. ಇಲ್ಲಿಗೆ ಬಂದ ಮೇಲೆ ಅದೇ ಡಿಸ್ಕಿನಿಂದ ಫೋನಿಗೋ ಕಾರಿನ ಪೆನ್ ಡ್ರೈವಿಗೋ ಹಾಕಿಕೊಳ್ಳುವ ಪ್ರತಿಯೊಂದು ನಕಲೂ ಇಲ್ಲಿನ ಕಾನೂನಿಗೆ ಒಳಪಡುತ್ತದೆ. ಆಗ ಮೂಲ ತಮ್ಮ ಕಪಾಟಿನಲ್ಲಿದ್ದರೆ ಯಾವ ಗೊಂದಲವೂ ಇಲ್ಲ. ಸ್ಥಳದ ಚಿಂತೆಯಿದ್ದರೆ ಸಿಡಿಗಳ ಪ್ಲಾಸ್ಟಿಕ್ ಡಬ್ಬಿಗಳನ್ನು ಬಿಟ್ಟು, ತಟ್ಟೆ ಮತ್ತು ಒಳಗಿನ ಮುದ್ರಿತ ಹಾಳೆಯನ್ನು ಮಾತ್ರ ಆಲ್ಬಮ್‌ಗಳಲ್ಲಿ ಸೇರಿಸಿ. ಆರುನೂರು ಸಿಡಿಗಳು ಒಂದು ಸೂಟ್‌ಕೇಸಿನಲ್ಲಿ ಅಡಗುತ್ತವೆ. ಹಾಳೆಯನ್ನು ಮಾತ್ರ ಬಿಡಬೇಡಿ. ಪಕ್ಕವಾದ್ಯದವರ ಹೆಸರು ಬೇರೆಲ್ಲಿಯೂ ಸಿಗುವುದಿಲ್ಲ. ಕೊಂಡ ಅಸಲಿ ಪ್ರತಿ ಎನ್ನುವುದಕ್ಕೂ ಅದೇ ಸಾಕ್ಷಿ.

ಇನ್ನು ಕಸ್ಟಮ್ಸ್ ವಿಷಯ. ಕೃತಿಸ್ವಾಮ್ಯ ಉಲ್ಲಂಘಿಸಿದ ಪ್ರತಿಗಳ ಆಮದನ್ನು ಇಲ್ಲಿನ ಕಾಯಿದೆ ತಡೆಯುವುದು ಮುಖ್ಯವಾಗಿ ಮಾರಾಟ, ಬಾಡಿಗೆ ಮತ್ತು ವ್ಯಾಪಾರದ ಉದ್ದೇಶವಿದ್ದಾಗ. ಪ್ರಯಾಣಿಕರ ಸ್ವಂತ ಸಾಮಾನಿನಲ್ಲಿರುವ, ವ್ಯಾಪಾರಕ್ಕಲ್ಲದ ಅಲ್ಪ ಪ್ರಮಾಣದ ವಸ್ತುಗಳನ್ನು ಗಡಿಯ ಕಟ್ಟುಪಾಡಿನಿಂದ ಹೊರಗಿಡಲು ಬೌದ್ಧಿಕ ಆಸ್ತಿಯ ಹಕ್ಕುಗಳನ್ನು ಕುರಿತ, ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ 60ನೆಯ ವಿಧಿಯೂ ಸದಸ್ಯ ರಾಷ್ಟ್ರಗಳಿಗೆ ಸ್ವಾತಂತ್ರ್ಯ ಕೊಟ್ಟಿದೆ. ಆದ್ದರಿಂದ ಅಧಿಕಾರಿಗೆ ಅನುಮಾನ ಹುಟ್ಟಿಸುವುದು ಆರುನೂರು ಬೇರೆ ಬೇರೆ ಸಿಡಿಗಳಲ್ಲ, ಒಂದೇ ಸಿಡಿಯ ಆರು ಪ್ರತಿಗಳು. ಬಂಧುಗಳಿಗೆ ಹಂಚಲೆಂದು ಒಂದೇ ಭಜನೆಯ ಸಿಡಿಯನ್ನು ಹತ್ತು ಸಲ ಬರೆಸಿಕೊಂಡು ಬರುವುದು, ಖಾಲಿ ಡಿಸ್ಕುಗಳ ಕಟ್ಟನ್ನೂ ಲೇಬಲ್ ಹಾಳೆಗಳನ್ನೂ ಸಂಗ್ರಹದ ಜೊತೆಯಲ್ಲೇ ತುಂಬುವುದು ಬೇಡ. ಊರಿನ ಬೀದಿ ಬದಿಯಲ್ಲಿ ಕೊಂಡ, ನೂರಾರು ಹಾಡು ತುಂಬಿದ ಎಂಪಿ3 ಸಿಡಿಗಳನ್ನೂ ಬಿಟ್ಟುಬನ್ನಿ. ಅವು ಹುಟ್ಟಿನಿಂದಲೇ ಅಕ್ರಮ ಪ್ರತಿಗಳು; ಅವುಗಳಿಂದ ಇಳಿಸಿಕೊಂಡದ್ದಕ್ಕೆ 109ಎ ವಿಧಿಯ ಆಸರೆಯೂ ಇಲ್ಲ.

ಹಾರ್ಡ್ ಡಿಸ್ಕನ್ನು ನೋಡುವ ಅಧಿಕಾರ ಅವರಿಗಿದೆಯೇ ಎಂದರೆ, ಇದೆ. 1901ರ ಕಸ್ಟಮ್ಸ್ ಕಾಯಿದೆಯಡಿ ಆಸ್ಟ್ರೇಲಿಯನ್ ಬಾರ್ಡರ್ ಫೋರ್ಸ್‌ನವರು ಫೋನ್, ಲ್ಯಾಪ್‌ಟಾಪ್, ಡಿಸ್ಕ್ ಯಾವುದನ್ನಾದರೂ ಪರೀಕ್ಷಿಸಬಹುದು. ಅವರು ಹುಡುಕುವುದು ಹಾಡುಗಳನ್ನಲ್ಲ, ಆಮದು ನಿಷೇಧವಿರುವ ಆಕ್ಷೇಪಾರ್ಹ ಚಿತ್ರ ಮತ್ತು ವಿಡಿಯೊಗಳನ್ನು. ಅದರಲ್ಲೂ ಮಕ್ಕಳನ್ನು ಕುರಿತ ಅಂಥ ಸಾಮಗ್ರಿ ಕಂಡರೆ ಅದು ಘೋರ ಅಪರಾಧ. ಸ್ನೇಹಿತರ ಡಿಸ್ಕಿನಿಂದ ಫೋಲ್ಡರ್‌ಗಟ್ಟಲೆ ಬಂದದ್ದರಲ್ಲಿ ಸಂಗೀತದ ಜೊತೆಗೆ ಇನ್ನೇನು ಸೇರಿಕೊಂಡಿದೆ ಎಂಬುದು ನಮಗೆ ತಿಳಿದಿರುವುದಿಲ್ಲ. ಹೊರಡುವ ಮುನ್ನ ಆ ಫೋಲ್ಡರ್‌ಗಳನ್ನೆಲ್ಲ ತೆರೆದು ನೋಡಿ, ಗುರುತಿಲ್ಲದ ವಿಡಿಯೊ ಮತ್ತು ಜಿಪ್ ಕಡತಗಳನ್ನು ತೆಗೆದುಹಾಕಿ. ಯಾರದೆಂದು ತಿಳಿಯದ, ಮೂಲ ತಮ್ಮಲ್ಲಿಲ್ಲದ, ಇಂದಿಗೂ ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ ದೊರೆಯುವ ಆಲ್ಬಮ್‌ಗಳಾದರೆ ಅವನ್ನೂ ಬಿಟ್ಟು ಹೊಸದಾಗಿ ಕೊಂಡುಕೊಳ್ಳುವುದೇ ಲೇಸೆಂದು ನನ್ನ ಅಭಿಪ್ರಾಯ. ಹಾಡಿದವರ ಪಾಲೂ ಅದರಲ್ಲಿದೆ.

ಮನೆಯವರೇ ಕಛೇರಿಗಳಲ್ಲಿ ಕೂತು ಧ್ವನಿಮುದ್ರಿಸಿದ ಕ್ಯಾಸೆಟ್‌ಗಳ ಮಾತು ಬೇರೆ. ತಮ್ಮ ತಂದೆಯವರು ಚಾಮರಾಜಪೇಟೆಯ ರಾಮೋತ್ಸವದಲ್ಲಿ ಟೇಪ್ ರೆಕಾರ್ಡರ್ ಹಿಡಿದು ಕೂರುತ್ತಿದ್ದರೆಂದು ಹಿಂದೊಮ್ಮೆ ಬರೆದಿದ್ದಿರಿ. ಸ್ವಂತ ಬಳಕೆಗೆ ಮಾಡಿಕೊಳ್ಳುವ ಅಂಥ ಧ್ವನಿಮುದ್ರಣದಿಂದ ಕಲಾವಿದರ ಹಕ್ಕಿಗೆ ಭಂಗವಿಲ್ಲವೆಂದು ಭಾರತೀಯ ಕಾಯಿದೆಯ 39ನೆಯ ವಿಧಿ ಹೇಳುತ್ತದೆ. ಇಂಥವು ಲೋಕದಲ್ಲಿ ಒಂದೇ ಪ್ರತಿ ಇರುವಂಥವು. ಇವನ್ನು ಹಡಗಿನ ಕಂಟೇನರಿಗೆ ಹಾಕಲೇಬೇಡಿ. ಸಮಭಾಜಕ ವೃತ್ತ ದಾಟಿ ಬರುವ ಕಬ್ಬಿಣದ ಪೆಟ್ಟಿಗೆಯೊಳಗಿನ ಬಿಸಿ 50 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಆ ಕಾವಿಗೆ ಟೇಪಿನ ಸುರುಳಿ ಸಡಿಲವಾಗುತ್ತದೆ, ಕ್ಯಾಸೆಟ್ಟಿನ ಹೊರಕವಚ ಸೊಟ್ಟಗಾಗುತ್ತದೆ. ಅವು ಕೈಚೀಲದಲ್ಲಿ ತಮ್ಮ ಜೊತೆಯೇ ಬರಲಿ. ವಿಮಾನ ನಿಲ್ದಾಣದ ಎಕ್ಸ್‌-ರೇಯಿಂದ ಟೇಪಿಗಾಗಲಿ ಹಾರ್ಡ್ ಡಿಸ್ಕಿಗಾಗಲಿ ಹಾನಿಯಿಲ್ಲ.

ಹಡಗಿನಲ್ಲಿ ಕಳುಹಿಸುವ ಸಾಮಾನಿಗೆ ಬಿ534 ಎಂಬ ನಮೂನೆಯನ್ನು ತುಂಬಬೇಕು. ಬರುವ ಮುನ್ನ ಹನ್ನೆರಡು ತಿಂಗಳಾದರೂ ತಮ್ಮದಾಗಿದ್ದು ಬಳಸಿದ ವಸ್ತುಗಳಿಗೆ ಸುಂಕವೂ ತೆರಿಗೆಯೂ ಇಲ್ಲ. ವಿಮಾನದಲ್ಲಿ ಜೊತೆಗೆ ತರುವ ಹೊಸ ವಸ್ತುಗಳಿಗೆ ವಯಸ್ಕರೊಬ್ಬರಿಗೆ ಇರುವ 900 ಡಾಲರ್ ರಿಯಾಯಿತಿಯು ಹಡಗಿನ ಸಾಮಾನಿಗೆ ಅನ್ವಯಿಸುವುದಿಲ್ಲವಾದ್ದರಿಂದ, ಈಗ ಹೊಸದಾಗಿ ಕೊಳ್ಳುವ ಡಿಸ್ಕ್ ಅಥವಾ ಪ್ಲೇಯರನ್ನು ಕೈಯಲ್ಲೇ ತನ್ನಿ. ಪಟ್ಟಿಯಲ್ಲಿ ‘ಇತರೆ’ ಎಂದು ಬರೆಯದೆ ‘ಬಳಸಿದ ಸಂಗೀತ ಕ್ಯಾಸೆಟ್, 400, ಸ್ವಂತ ಬಳಕೆ’ ಎಂದು ಬಿಡಿಸಿ ಬರೆಯಿರಿ.

ನನಗೆ ತೊಂದರೆ ಬಂದದ್ದು ನಕಲಿನಿಂದಲ್ಲ, ಬೇವಿನ ಎಲೆಯಿಂದ. ಪ್ಲೇಟುಗಳ ಪೆಟ್ಟಿಗೆಗೆ ಹುಳು ಬಾರದಿರಲೆಂದು ಬೇವಿನ ಎಲೆ ಹಾಕಿಡುವುದು ನಮ್ಮ ತಾಯಿಯವರ ರೂಢಿ. ಸಾಮಾನು ಬಿಡಿಸಿಕೊಳ್ಳಲು ಹೋದಾಗ ಜೈವಿಕ ಸುರಕ್ಷತೆಯ ಅಧಿಕಾರಿಯೊಬ್ಬರು ಮೇಜಿನ ಮೇಲೆ ಬಿಳಿಯ ಹಾಳೆ ಹಾಸಿ, ಒಂದೊಂದು ಕವರನ್ನೂ ತಲೆಕೆಳಗೆ ಹಿಡಿದು ಮೆಲ್ಲಗೆ ಕೊಡವಿದರು. ಪುಡಿಯಾದ ಎಲೆ, ಕಡ್ಡಿ, ಎಂದೋ ಪೂಜೆಯ ದಿನ ಬಿದ್ದಿರಬೇಕಾದ ಒಣಗಿದ ಸೇವಂತಿಗೆಯ ಎಸಳು ಉದುರಿದವು. ಕ್ಯಾಸೆಟ್‌ಗಳ ಮೇಲಿದ್ದ ಕೈಬರಹದ ಕನ್ನಡವನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ಎಲೆಗಳನ್ನೆಲ್ಲ ತೆಗೆದು ನಾಶಪಡಿಸಿದರು, ತಪಾಸಣೆಯ ಶುಲ್ಕವನ್ನು ನಾನು ಕಟ್ಟಬೇಕಾಯಿತು. ಆದ್ದರಿಂದ ಹುಲ್ಲು, ಹೊಟ್ಟು, ಎಲೆ, ಹಣ್ಣಿನ ಹಳೆಯ ರಟ್ಟಿನ ಪೆಟ್ಟಿಗೆ ಯಾವುದೂ ಬೇಡ. ಪ್ರತಿ ಕವರನ್ನೂ ಒಣ ಬಟ್ಟೆಯಿಂದ ಒರೆಸಿ, ಹೊಸ ಪೆಟ್ಟಿಗೆಯಲ್ಲಿ, ಪ್ಲೇಟುಗಳನ್ನು ಮಲಗಿಸದೆ ನಿಲ್ಲಿಸಿ ತುಂಬಿ.

ಪ್ಲೇಟುಗಳೆಂದೆನಲ್ಲ, ಅವುಗಳಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ (78 ಆರ್‌ಪಿಎಂ) ಅರಗಿನ ಪ್ಲೇಟುಗಳಿದ್ದರೆ ಭಾರತ ಬಿಡುವ ಮುನ್ನವೇ ವಯಸ್ಸನ್ನು ನೋಡಬೇಕು. ನಮ್ಮ ದೇಶದಲ್ಲಿ ಗ್ರಾಮಫೋನ್ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. 1972ರ ಪುರಾತನ ವಸ್ತುಗಳ ಕಾಯಿದೆಯು ನೂರು ವರ್ಷ ದಾಟಿದ, ಕಲೆಗೆ ಸಂಬಂಧಿಸಿದ ವಸ್ತುಗಳನ್ನೂ ಒಳಗೊಳ್ಳುವುದರಿಂದ, ಖಾಸಗಿಯವರು ಅಂಥವನ್ನು ಹೊರದೇಶಕ್ಕೆ ಒಯ್ಯುವಂತಿಲ್ಲ. ಆ ಕಾಲದ್ದೆಂದು ಸಂಶಯವಿರುವ ಪ್ಲೇಟುಗಳನ್ನು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಗೆ ತೋರಿಸಿ ಲಿಖಿತ ಅಭಿಪ್ರಾಯ ಪಡೆಯಿರಿ, ಇಲ್ಲವೇ ಊರಿನಲ್ಲೇ ಬಲ್ಲವರ ವಶಕ್ಕೆ ಒಪ್ಪಿಸಿ.

ಡಿವಿಡಿಗಳಿದ್ದರೆ, ಅವು ಸಾಮಾನ್ಯವಾಗಿ ಮಾರಾಟವಾದ ವಲಯದ ಪ್ಲೇಯರ್‌ಗಳಲ್ಲಿ ಮಾತ್ರ ಓಡುವಂಥವು: ಭಾರತದವು 5ನೆಯ ವಲಯದವು, ಇಲ್ಲಿನ ಪ್ಲೇಯರ್‌ಗಳು 4ನೆಯ ವಲಯದವು. ಎಲ್ಲ ವಲಯಗಳದ್ದನ್ನೂ ಓದುವ ಪ್ಲೇಯರ್ ಬೇಕಾಗುತ್ತದೆ. ಮನೆಯ ವಿಡಿಯೊ ಕ್ಯಾಸೆಟ್ಟನ್ನು ಡಿಜಿಟಲ್ ರೂಪಕ್ಕೆ ಇಳಿಸಿಕೊಳ್ಳಲು ಇಲ್ಲಿ ಅವಕಾಶವಿದೆ, ಡಿವಿಡಿಯ ಸಿನಿಮಾವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಇಲ್ಲ. ಐಟ್ಯೂನ್ಸ್‌ನಂಥ ಕಡೆ ಹಣ ಕೊಟ್ಟು ಕೊಂಡ ಹಾಡುಗಳನ್ನು ಖಾತೆಯ ದೇಶ ಬದಲಿಸುವ ಮೊದಲೇ ಡಿಸ್ಕಿಗೆ ಇಳಿಸಿಕೊಳ್ಳಿ. ಬದಲಿಸಿದ ಮೇಲೆ ಕೆಲವು ಮತ್ತೆ ಸಿಗದಿರಬಹುದು.

ಲಂಡನ್ ಮತ್ತು ಫ್ರಾಂಕ್‌ಫರ್ಟ್‌ಗೆ ಹೊರಟಿರುವ ಇಬ್ಬರೂ ಇದೇ ಪ್ರಶ್ನೆ ಕೇಳಿರುವುದರಿಂದ ಎರಡು ಮಾತು. ಬ್ರಿಟನ್‌ನಲ್ಲಿ 2014ರ ಅಕ್ಟೋಬರ್‌ನಲ್ಲಿ ಖಾಸಗಿ ನಕಲಿಗೆ ಅವಕಾಶ ಕೊಟ್ಟಿದ್ದರು. 2015ರ ಜುಲೈನಲ್ಲಿ ಹೈಕೋರ್ಟ್ ಅದನ್ನು ರದ್ದುಮಾಡಿತು. ಸ್ವಂತ ಸಿಡಿಯಿಂದ ಇಳಿಸಿಕೊಳ್ಳುವುದಕ್ಕೂ ಅಲ್ಲಿನ ಕಾನೂನಿನ ಅನುಮತಿಯಿಲ್ಲವಾದ್ದರಿಂದ ಆ ಕೆಲಸವನ್ನು ಭಾರತದಲ್ಲೇ ಮುಗಿಸಿ ಹೊರಡಿ. ಜರ್ಮನಿಯಲ್ಲಿ ಖಾಸಗಿ ನಕಲಿಗೆ ಅವಕಾಶವಿದೆ, ಮೂಲವು ಮೇಲ್ನೋಟಕ್ಕೇ ಅಕ್ರಮವಾಗಿರಬಾರದು ಅಷ್ಟೆ. ಯುರೋಪಿನ ಒಕ್ಕೂಟದಲ್ಲಿ ಸುಂಕವಿಲ್ಲದೆ ಮನೆಸಾಮಾನು ತರಲು ಅವನ್ನು ಆರು ತಿಂಗಳಾದರೂ ಬಳಸಿರಬೇಕು, ಒಕ್ಕೂಟದ ಹೊರಗೆ ಹನ್ನೆರಡು ತಿಂಗಳಾದರೂ ವಾಸವಾಗಿರಬೇಕು.

ಮೂರು ತಿಂಗಳು ಹೆಚ್ಚೇನಲ್ಲ. ಬರುವ ಭಾನುವಾರವೇ ಶುರುಮಾಡಿ, ಮನೆಯಲ್ಲಿ ಬರೆದ ಸಿಡಿಗಳಿಂದ ಮೊದಲು ಇಳಿಸಿಕೊಳ್ಳಿ; ಅವುಗಳ ಬಣ್ಣದ ಪದರ ಬಿಸಿಲಿಗೂ ಕಾವಿಗೂ ಬೇಗ ಕೆಡುತ್ತದೆ. ಧ್ವನಿಯ ಗುಣ ಕುಂದದಂತೆ ಉಳಿಸುವ ಫ್ಲ್ಯಾಕ್ ಎಂಬ ಕಡತದ ರೂಪದಲ್ಲಿ ಒಂದು ಸಿಡಿಗೆ 300ರಿಂದ 400 ಮೆಗಾಬೈಟ್ ಹಿಡಿದರೂ ಆರುನೂರು ಸಿಡಿಗಳು 250 ಗಿಗಾಬೈಟ್ ಆಸುಪಾಸಿನಲ್ಲಿ ಮುಗಿಯುತ್ತವೆ. ಡಿಸ್ಕಿನ ಎರಡು ಪ್ರತಿ ಮಾಡಿ, ಒಂದು ತಮ್ಮ ಕೈಚೀಲದಲ್ಲಿ, ಇನ್ನೊಂದು ಮನೆಯವರ ಕೈಚೀಲದಲ್ಲಿ ಬರಲಿ. ಕ್ಯಾಸೆಟ್‌ಗಳನ್ನು ತುಂಬುವ ಹಿಂದಿನ ವಾರ ಪ್ರತಿಯೊಂದನ್ನೂ ನಡುವೆ ನಿಲ್ಲಿಸದೆ ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ, ಡಬ್ಬಿಗೆ ಹಾಕಿ ನಿಲ್ಲಿಸಿಡಿ. ಬೇರೆಬೇರೆ ಬಿಗುವಿನಲ್ಲಿ ಸುತ್ತಿಕೊಂಡಿರುವ ಟೇಪು ಪ್ರಯಾಣದ ಕುಲುಕಿಗೆ ಮಡಚಿಕೊಂಡರೆ, ಆ ಜಾಗದಲ್ಲಿ ತಂಬೂರಿಯ ಶ್ರುತಿ ಮುಂದೆ ಎಂದೆಂದಿಗೂ ಅಲುಗುತ್ತದೆ.