ವೈವಾ ಭಯ ಬೇರೆ, ರಕ್ತ ಕಂಡಾಗಿನ ಬವಳಿ ಬೇರೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಎಂಬಿಬಿಎಸ್ ಮೊದಲ ವರ್ಷದ ಹುಡುಗ. ಹತ್ತನೆಯವರೆಗೆ ಊರಿನ ಕನ್ನಡ ಶಾಲೆ. ಫಿಸಿಯಾಲಜಿ ಲ್ಯಾಬಿನಲ್ಲಿ ರಕ್ತದ ಗುಂಪು ನೋಡಲು ತನ್ನ ಬೆರಳು ಚುಚ್ಚಿಕೊಂಡವನು ಕುಸಿದುಬಿದ್ದ. ಆಮೇಲೆ ಲ್ಯಾಬ್ ತಪ್ಪಿಸಿದ, ಅನಾಟಮಿ ವೈವಾ (ಮೌಖಿಕ ಪರೀಕ್ಷೆ) ದಿನವೂ ಹಾಸ್ಟೆಲ್‌ನಲ್ಲೇ ಉಳಿದ. "ನಾ ಡಾಕ್ಟರ್ ಆಗ್ಲಿಕ್ಕೆ ಲಾಯಕ್ ಇಲ್ರಿ ಮೇಡಂ, ಊರಿಗೆ ಹೋಗ್ತೀನ್ರಿ" ಎನ್ನುತ್ತಲೇ ನಮ್ಮ ಕೌನ್ಸೆಲಿಂಗ್ ಕೋಣೆಯೊಳಗೆ ಬಂದ.

ಎರಡೂ ಒಂದೇ ಹೆದರಿಕೆ ಎಂದು ಅವನ ತಿಳಿವಳಿಕೆ. ಸೀನಿಯರ್ ಹೇಳಿದಂತೆ ಲ್ಯಾಬಿನಲ್ಲೂ ಮೈ ಸಡಿಲ ಬಿಟ್ಟು ನಿಧಾನ ಉಸಿರಾಡಿದ್ದ. ಎಡವಿದ್ದು ಅಲ್ಲೇ. ವೈವಾ ಭಯದಲ್ಲಿ ಎದೆಬಡಿತ, ರಕ್ತದೊತ್ತಡ ಏರುತ್ತವೆ. ರಕ್ತ ಕಂಡರೆ ಬವಳಿ ಬರುವವರಲ್ಲಿ ಅವು ದಿಢೀರನೆ ಇಳಿಯುತ್ತವೆ, ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತದೆ. ಅಲ್ಲಿ ಬೇಕಾದದ್ದು ಬಿಗಿತ.

ಮೊದಲು ವೈದ್ಯರಿಂದ ತಪಾಸಣೆ ಮಾಡಿಸಿದೆವು. ಓಡುವಾಗ, ಅಥವಾ ಕಾರಣವೇ ಇಲ್ಲದೆ ಎಚ್ಚರ ತಪ್ಪುವವರಿಗೆ ಇಸಿಜಿ ಆಗಲೇಬೇಕು. ಸಾಯುವ ಯೋಚನೆ ಬಂದಿದೆಯೇ ಎಂದೂ ನೇರವಾಗಿ ಕೇಳಿದೆವು. ಇರಲಿಲ್ಲ. ಆದರೂ ರಾತ್ರಿ ಹೊತ್ತಿಗೆ ಬೇಕಾದೀತೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆವು. ಕನ್ನಡದಲ್ಲೇ ಮಾತಾಡಬಹುದು.

ಕಲಿಸಿದ್ದು ಇದು: ಕುರ್ಚಿಯಲ್ಲಿ ಕೂತು ತೋಳು, ಹೊಟ್ಟೆ, ತೊಡೆಗಳನ್ನು 10–15 ಸೆಕೆಂಡು ಬಿಗಿಹಿಡಿ, ಮುಖ ಬೆಚ್ಚಗಾಗಬೇಕು. ಉಸಿರು ಕಟ್ಟಬೇಡ. ಬಿಡು, ಆದರೆ ಪೂರ್ತಿ ಜೋತುಬೀಳಬೇಡ. 20–30 ಸೆಕೆಂಡಿನ ನಂತರ ಮತ್ತೆ, ಹೀಗೆ 5 ಸಲ. ವಾರವಿಡೀ ರೂಮಿನಲ್ಲಿ ಅಭ್ಯಾಸ. ನಂತರ ಲ್ಯಾನ್ಸೆಟ್‌ನ (ಬೆರಳು ಚುಚ್ಚುವ ಪುಟ್ಟ ಸೂಜಿಯ) ಚಿತ್ರ, ಚುಚ್ಚುವ ವಿಡಿಯೊ, ಗೆಳೆಯನ ಬೆರಳು, ಕೊನೆಗೆ ತನ್ನದು. ಒಂದು ಮೆಟ್ಟಿಲಲ್ಲಿ ಅಳುಕು ಅರ್ಧಕ್ಕಿಳಿಯದೆ ಮುಂದಿನದಕ್ಕೆ ಹೋಗಬಾರದು. ಚುಚ್ಚುವಾಗ ಆ ಕೈ ಸಡಿಲವಿರಲಿ, ಕಾಲುಗಳು ಬಿಗಿಯಿರಲಿ. ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಕೂಡದು. ಬವಳಿಯ ಮುನ್ಸೂಚನೆ ಕಂಡರೆ ನಾಚಿಕೆ ಬಿಟ್ಟು ಮಲಗಿ ಕಾಲು ಎತ್ತಿಡಬೇಕು.

ವೈವಾದಲ್ಲಿ ತೊಡಕಾದದ್ದು ಇಂಗ್ಲಿಷ್ ಬಾಯಿಗೆ ಬಾರದಿರುವುದು, ವಿಷಯ ಗೊತ್ತಿತ್ತು. ದಿನಾ ರಾತ್ರಿ 10 ನಿಮಿಷ ರೂಮ್‌ಮೇಟ್ ಎದುರು ನಿಂತು, ಒಂದು ಮೂಳೆ ಹಿಡಿದು ಜೋರಾಗಿ ಹೇಳಬೇಕು: ಮೊದಲು ಎಡವೋ ಬಲವೋ, ಹೇಗೆ ಗುರುತಿಸಿದೆ, ಆಮೇಲೆ ಭಾಗಗಳು, ಅಂಟಿದ ಸ್ನಾಯುಗಳು, ಪಕ್ಕದ ನರ. ಹ್ಯೂಮರಸ್ (ತೋಳಿನ ಮೂಳೆ) ಆದರೆ ರೇಡಿಯಲ್ ನರ ಮರೆಯಬಾರದು. ನಿಧಾನ ಉಸಿರು ಇಲ್ಲಿಗೆ ಸರಿ: 4 ಎಣಿಸಿ ಒಳಗೆ, 6 ಎಣಿಸಿ ಹೊರಗೆ.

ತಪ್ಪಿಸಿಕೊಂಡ ದಿನ ಸಿಗುವ ನೆಮ್ಮದಿಯೇ ಮರುದಿನದ ಭಯಕ್ಕೆ ಗೊಬ್ಬರ. ಅದಕ್ಕೇ ತಪ್ಪಿದ ವೈವಾಗೆ ಹೊಸ ದಿನಾಂಕ ಕೇಳಲು ಅವನನ್ನೇ ವಿಭಾಗಕ್ಕೆ ಕಳಿಸಿದೆವು. ಕೇಳಬೇಕಾದ ಎರಡು ವಾಕ್ಯಗಳನ್ನು ಇಲ್ಲೇ ಬರೆದುಕೊಂಡು ಹೋದ.