ತೊಡೆಯ ಹಿಂದಿನ ನೋವು: ಎಂಆರ್‌ಐ ಬೇಕೇ ಬೇಕೇ?

ಪ್ರಶ್ನೆ: ನನಗೆ 26 ವರ್ಷ. ಊರಿನ ಕಬಡ್ಡಿ ತಂಡದಲ್ಲಿ ರೈಡರ್. ಕಳೆದ ವಾರ ನಡುಗೆರೆಯತ್ತ ಓಡಿ ಮರಳುವಾಗ ಬಲತೊಡೆಯ ಹಿಂಭಾಗದಲ್ಲಿ ಇರಿದಂತೆ ನೋವಾಯಿತು. ಈಗ ಕುಂಟುತ್ತಾ ನಡೆಯಬಲ್ಲೆ. ವೈದ್ಯರು ಕೈಯಿಂದ ಪರೀಕ್ಷಿಸಿಯೇ ಹ್ಯಾಮ್‌ಸ್ಟ್ರಿಂಗ್ ಗಾಯ ಎಂದರು; ಗೆಳೆಯರು ಮಂಗಳೂರಿಗೆ ಹೋಗಿ ಎಂಆರ್‌ಐ ಮಾಡಿಸಲು ಒತ್ತಾಯಿಸುತ್ತಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಬದಿಯಡ್ಕ

ಉತ್ತರ: ನಿಮ್ಮ ವೈದ್ಯರು ಆತುರಪಟ್ಟರೆಂದು ನನಗೆ ಅನಿಸುವುದಿಲ್ಲ. ಕುಳಿತಾಗ ನಾವು ಊರುವ ಪೃಷ್ಠದ ಮೂಳೆಯಿಂದ ಹೊರಟು ಮೊಣಕಾಲಿನ ಕೆಳಗೆ ಸೇರುವ ಮೂರು ಸ್ನಾಯುಗಳ ಗುಂಪೇ ಹ್ಯಾಮ್‌ಸ್ಟ್ರಿಂಗ್; ವೇಗದ ಓಟದಲ್ಲಿ ಹೆಚ್ಚಾಗಿ ಹರಿಯುವುದು ಇವುಗಳಲ್ಲಿ ಹೊರಬದಿಯ ಸ್ನಾಯು. ರೋಗಿಯನ್ನು ಕವುಚಿ ಮಲಗಿಸಿ ಆ ಮೂಳೆಯಿಂದ ಕೆಳಕ್ಕೆ ಬೆರಳಿನಿಂದ ಒತ್ತುತ್ತಾ ಬಂದರೆ ನೋವಿನ ಜಾಗ ಸಿಗುತ್ತದೆ, ಮತ್ತು ಅದು ಮೂಳೆಗೆ ಹತ್ತಿರವಾದಷ್ಟೂ ಅಂಕಣಕ್ಕೆ ಮರಳಲು ಸಾಮಾನ್ಯವಾಗಿ ಹೆಚ್ಚು ಕಾಲ ಹಿಡಿಯುತ್ತದೆ. ಬಳಿಕ ಮೊಣಕಾಲನ್ನು ಮೊದಲು ಸುಮಾರು 15 ಡಿಗ್ರಿ, ಆಮೇಲೆ 90 ಡಿಗ್ರಿ ಮಡಚಿಸಿ, ಹಿಮ್ಮಡಿಯನ್ನು ತಡೆಹಿಡಿದು, ಇನ್ನೂ ಮಡಚಲು ಹೇಳಿ ಬಲವನ್ನೂ ನೋವನ್ನೂ ಗಮನಿಸುತ್ತಾರೆ. ಅಂಗಾತ ಮಲಗಿಸಿ ತೊಡೆಯನ್ನು 90 ಡಿಗ್ರಿಗೆ ಎತ್ತಿ ಹಿಡಿದು, ಮೊಣಕಾಲನ್ನು ಎಷ್ಟು ಬಿಡಿಸಲಾಗುತ್ತದೆ ಎಂದೂ ಅಳೆಯುತ್ತಾರೆ. ಇವೆಲ್ಲವನ್ನೂ ಇನ್ನೊಂದು ಕಾಲಿನಲ್ಲಿಯೂ ಮಾಡಿ ಹೋಲಿಸಲೇಬೇಕು, ಏಕೆಂದರೆ ಕೆಲವರ ಸ್ನಾಯುಗಳು ಹುಟ್ಟಾ ಬಿಗಿ. ಎಡಗಾಲನ್ನು ಮುಟ್ಟದೆ ಕಳುಹಿಸಿದ್ದರೆ ಮಾತ್ರ ನಾನು ಆಕ್ಷೇಪಿಸುತ್ತಿದ್ದೆ.

ಬೆನ್ನುಹುರಿಯಿಂದ ಹೊರಡುವ ನರ ಒತ್ತಿಹೋದಾಗಲೂ ಇದೇ ಜಾಗ ನೋಯಬಹುದು. ಅದನ್ನು ತಿಳಿಯಲು ರೋಗಿಯನ್ನು ಕುಳ್ಳಿರಿಸಿ, ಬೆನ್ನು ಮತ್ತು ಕುತ್ತಿಗೆಯನ್ನು ಬಾಗಿಸಿ ಕಾಲು ಚಾಚಿಸುತ್ತಾರೆ. ತಲೆ ಎತ್ತಿದೊಡನೆ ತೊಡೆಯ ನೋವು ಇಳಿದರೆ ಸಂಶಯ ನರದ ಮೇಲೆ ಹೋಗುತ್ತದೆ. ಓಡುತ್ತಿದ್ದಾಗಲೇ ಹಠಾತ್ತನೆ ಶುರುವಾದ ನಿಮ್ಮ ನೋವಿಗೆ ಈ ಸಾಧ್ಯತೆ ಕಡಿಮೆ.

ಎಂಆರ್‌ಐ ತಡಮಾಡಬಾರದ ಸಂದರ್ಭ ಬೇರೆಯೇ ಇದೆ. ಎದುರಾಳಿಗಳು ಹಿಡಿದಾಗ ಮೊಣಕಾಲು ನೆಟ್ಟಗಿದ್ದು ಮೈ ಮುಂದಕ್ಕೆ ಮಡಚಿಕೊಂಡು, ಟಪ್ಪೆಂಬ ಸದ್ದಾಗಿ, ತೊಡೆಯೆಲ್ಲ ನೀಲಿಗಟ್ಟಿ, ಕೂರಲಾಗದೆ, ಒತ್ತಿದಲ್ಲಿ ಕುಳಿ ಸಿಕ್ಕಿದರೆ ಸ್ನಾಯು ಮೂಳೆಯಿಂದಲೇ ಕಿತ್ತಿರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಾದರೆ ಮೊದಲ ಕೆಲವೇ ವಾರಗಳಲ್ಲಿ ಆಗುವುದು ಒಳ್ಳೆಯದು. ಹದಿಹರೆಯದವರಲ್ಲಿ ಸ್ನಾಯುವಿನ ಬದಲು ಮೂಳೆಯ ಚೂರೇ ಎದ್ದು ಬರಬಹುದಾದ್ದರಿಂದ ಅವರಿಗೆ ಮೊದಲು ಎಕ್ಸ್‌ರೇ ಬೇಕು.

ನೀವು ಬರೆದುದರಲ್ಲಿ ಇವು ಯಾವುವೂ ಕಾಣುವುದಿಲ್ಲ. ಕೆಲವು ದಿನಗಳ ನಂತರ ಮೊಣಕಾಲಿನ ಹಿಂದೆ ನೀಲಿ ಇಳಿದು ಬಂದರೆ ಗಾಬರಿಯಾಗಬೇಡಿ, ಆದರೆ ಮೀನಖಂಡ ಊದಿಕೊಂಡರೆ ರಕ್ತ ಹೆಪ್ಪುಗಟ್ಟಿರುವ ಸಂಶಯವಿರುವುದರಿಂದ ಅಂದೇ ವೈದ್ಯರನ್ನು ಕಾಣಿ. ಇಲ್ಲವಾದರೆ ಒಂದು ವಾರ ಬಿಟ್ಟು ಅದೇ ವೈದ್ಯರಲ್ಲಿ ಮರುಪರೀಕ್ಷೆ ಮಾಡಿಸಿಕೊಳ್ಳಿ. ಬಲ ಸ್ವಲ್ಪವೂ ಮರಳದಿದ್ದರೆ ಆಗ ಮಂಗಳೂರಿನ ದಾರಿ ಹಿಡಿಯಬಹುದು.