12 ವರ್ಷ ಕಂಪ್ಯೂಟರ್ ರಿಪೇರಿ ಮಾಡಿದೆ, ಈಗ ಅಂಗಡಿಗೆ ಕೆಲಸವೇ ಬರುತ್ತಿಲ್ಲ. ಸಾಲ ಮಾಡಿ ಪೈಥಾನ್ ಕೋರ್ಸ್ ಸೇರಿ ಐಟಿಗೆ ಹೋಗಲಾ?

ಸೇರಬೇಡಿ. ನಿಮ್ಮ ಪ್ರಶ್ನೆ ಓದಿ 2017ರ ನನ್ನ ಅಂಗಡಿ ಕಣ್ಮುಂದೆ ಬಂತು. ದಾವಣಗೆರೆಯಲ್ಲಿ ಒಂದು ಸಣ್ಣ ಮಳಿಗೆ. ತಿಂಗಳಿಗೆ ಎರಡು ಸಲ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆ ಎಸ್.ಪಿ. ರೋಡಿಂದ ರ‍್ಯಾಮ್, ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ), ಹಾರ್ಡ್ ಡಿಸ್ಕ್ ತರುತ್ತಿದ್ದೆ. ಉಬ್ಬಿದ ಕೆಪಾಸಿಟರ್ ಬದಲಿಸಿ, ರ‍್ಯಾಮ್ ತೆಗೆದು ರಬ್ಬರಲ್ಲಿ ಉಜ್ಜಿ ಹಾಕಿದರೆ ಎಷ್ಟೋ ಕಂಪ್ಯೂಟರ್ ಎದ್ದು ಕೂರುತ್ತಿದ್ದವು. ಆಮೇಲೆ ತೆಳ್ಳಗಿನ ಲ್ಯಾಪ್‌ಟಾಪ್ ಬಂದವು. ಕೆಲವದರಲ್ಲಿ ರ‍್ಯಾಮನ್ನೂ ಬೋರ್ಡಿಗೇ ಬೆಸೆದಿರುತ್ತಾರೆ. ಬಿಚ್ಚಿ ಬದಲಿಸೋಕೆ ಏನಿದೆ?

ಆಗ ಸಾಲ ಮಾಡಿ ಬೋರ್ಡಿನ ಚಿಪ್ಪನ್ನು ಬಿಸಿ ಮಾಡಿ ಎತ್ತಿ ಕೂರಿಸುವ 2 ಲಕ್ಷದ ಬಿಜಿಎ ಮಷಿನ್ ತಂದೆ. ಚಿಪ್ ಲೆವೆಲ್, ಅಂದರೆ ಬೋರ್ಡಿನ ಒಂದೊಂದು ಚಿಪ್ಪಿನ ರಿಪೇರಿ, ಗೊತ್ತಿದ್ದವನಿಗೆ ಕೆಲಸ ಇದ್ದೇ ಇರುತ್ತೆ ಅಂತ ನಂಬಿದ್ದೆ. ಡಿಸ್‌ಪ್ಲೇ ಬಾರದ ಹಳೇ ಲ್ಯಾಪ್‌ಟಾಪ್ ಬಂದರೆ ಗ್ರಾಫಿಕ್ಸ್ ಚಿಪ್ ಎತ್ತಿ, ಅದರ ಅಡಿಯ ಸಣ್ಣ ಸಣ್ಣ ಬೆಸುಗೆ ಗುಂಡುಗಳನ್ನು ಹೊಸದಾಗಿ ಕೂರಿಸಿ ವಾಪಸ್ ಹಾಕುವುದು. ಅದೇ ರೀಬಾಲಿಂಗ್. ಒಂದಕ್ಕೆ 3,500 ರೂಪಾಯಿ. ಡಿಸ್‌ಪ್ಲೇ ಬರುತ್ತಿತ್ತು. ಎರಡು ತಿಂಗಳು ಕಂತು ಆರಾಮಾಗಿ ಕಟ್ಟಿದೆ. ಮೂರನೇ ತಿಂಗಳಿಂದ ಅವೇ ಲ್ಯಾಪ್‌ಟಾಪ್‌ಗಳು ವಾಪಸ್ ಬರತೊಡಗಿದವು. ಎಷ್ಟೋ ಚಿಪ್‌ಗಳಲ್ಲಿ ತೊಂದರೆ ಆ ಗುಂಡುಗಳಲ್ಲಿ ಇರಲೇ ಇಲ್ಲ, ಚಿಪ್ಪಿನ ಒಳಗೇ ಇತ್ತು. ನಾನು ಕೊಟ್ಟ ಬಿಸಿಗೆ ಒಳಗಿನ ಸಂಪರ್ಕ ಸ್ವಲ್ಪ ದಿನ ಕೂಡಿಕೊಂಡಿರುತ್ತಿತ್ತು, ಅಷ್ಟೇ. ಆರು ತಿಂಗಳ ಗ್ಯಾರಂಟಿ ಕೊಟ್ಟಿದ್ದೆ. ಪುಕ್ಕಟೆ ಮಾಡಿಕೊಟ್ಟೆ. ಮತ್ತೆ ಬಂದವು, ಮತ್ತೆ ಮಾಡಿಕೊಟ್ಟೆ. ಅಂಗಡಿಗೆ ಬಂದ ಪ್ರತಿ ಬೋರ್ಡನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದೆ, ತಿರುಗಿ ಬಂದವನ್ನು ಬರೆಯುತ್ತಿರಲಿಲ್ಲ. ಬರೆದಿದ್ದರೆ ಆಗಲೇ ನಿಲ್ಲಿಸುತ್ತಿದ್ದೆ. ಎರಡೂವರೆ ವರ್ಷ ಎಳೆದೆ. ಹೆಂಡತಿಯ ಬಳೆ ಅಡವಿಗೆ ಹೋದವು. ಮಷಿನ್ ಚೆನ್ನಾಗಿಯೇ ಇತ್ತು, ನನ್ನ ಕೈಯೂ ಪಳಗಿತ್ತು. ಆದರೆ ಮುಗಿಯುತ್ತಿದ್ದ ಕೆಲಸದ ಮೇಲೇ ಇನ್ನಷ್ಟು ದುಡ್ಡು ಸುರಿದೆ.

ಒಂದು ದಿನ ಹಳೇ ಗಿರಾಕಿ, ಹಲ್ಲಿನ ಡಾಕ್ಟರು, ಫೋನ್ ಮಾಡಿದರು. ಕ್ಲಿನಿಕ್ಕಿನ ಕ್ಯಾಮೆರಾ ನಿಂತಿದೆ, ಹಾಕಿದವನು ಫೋನೇ ಎತ್ತುತ್ತಿಲ್ಲ ಅಂದರು. ಹೋಗಿ ನೋಡಿದರೆ ಕೇಬಲ್ ತುದಿಯ ಕನೆಕ್ಟರ್ ಸರಿಯಾಗಿ ಕ್ರಿಂಪ್ ಆಗಿರಲಿಲ್ಲ, ಅಂದರೆ ತಂತಿಗೆ ಒತ್ತಿ ಕೂತಿರಲಿಲ್ಲ. ಹತ್ತು ನಿಮಿಷದ ಕೆಲಸ. ಅವರೇ ಒಂದು ಶಾಲೆಗೆ ನನ್ನ ನಂಬರ್ ಕೊಟ್ಟರು. ಅಲ್ಲಿ ನೆಟ್‌ವರ್ಕ್ ಕೇಬಲನ್ನು 100 ಮೀಟರ್ ದಾಟಿಸಿ ಎಳೆದಿದ್ದರು, ಅದರಾಚೆ ಸಿಗ್ನಲ್ ಸರಿಯಾಗಿ ಹೋಗಲ್ಲ, ಕೊನೆಯ ಕ್ಯಾಮೆರಾ ದಿನಕ್ಕೆ ಹತ್ತು ಸಲ ಬಿಟ್ಟು ಬಿಟ್ಟು ಬರುತ್ತಿತ್ತು. ನಡುವೆ ಸಿಗ್ನಲನ್ನು ಮುಂದಕ್ಕೆ ಕಳಿಸುವ ಒಂದು ನೆಟ್‌ವರ್ಕ್ ಸ್ವಿಚ್ ಹಾಕಿದೆ, ಸರಿಹೋಯಿತು. ಈಗ ಎರಡು ಶಾಲೆ, ಐದು ಕ್ಲಿನಿಕ್, ಒಂದು ಪತ್ತಿನ ಸಹಕಾರ ಸಂಘ ನನ್ನ ಕೈಯಲ್ಲಿವೆ. ಕ್ಯಾಮೆರಾ, ವೈಫೈ, ಪ್ರಿಂಟರ್, ಯುಪಿಎಸ್ ಎಲ್ಲಕ್ಕೂ ಸೇರಿಸಿ ಎಎಂಸಿ, ಅಂದರೆ ವರ್ಷಕ್ಕಿಷ್ಟು ಅಂತ ದುಡ್ಡು ಪಡೆದು ನೋಡಿಕೊಳ್ಳುವ ಒಪ್ಪಂದ.

ಕೆಲಸವೇ ಬರುತ್ತಿಲ್ಲ ಅಂತ ಬರೆದಿದ್ದೀರಿ, ಅಂದರೆ ರಿಪೇರಿ ಕೆಲಸವೇ ಮುಗೀತು ಅಂತಲಾ? ನಾನು ಒಪ್ಪಲ್ಲ. ಒಂದು ತುದಿಯಿಂದ ಹಿಡಿದು ಎಲ್ಲಿ ಕೆಟ್ಟಿದೆ ಅಂತ ಹುಡುಕೋದು 12 ವರ್ಷದಲ್ಲಿ ನಿಮ್ಮ ಕೈಗೆ ಬಂದಿದೆ ಅಲ್ವಾ? ಅದನ್ನು ಬಿಟ್ಟು 22ರ ಹುಡುಗರ ಜೊತೆ ಮೊದಲ ಕೆಲಸಕ್ಕೆ ಸಾಲಲ್ಲಿ ಯಾಕೆ ನಿಲ್ಲುತ್ತೀರಿ? ಕೋಡಿಂಗ್ ಇಷ್ಟವಿದ್ದರೆ ಮನೆಯಲ್ಲಿ ಪುಕ್ಕಟೆ ಕಲಿಯಿರಿ, ಸಾಲ ಮಾತ್ರ ಬೇಡ. ಹಳೇ ಬಿಲ್ ಪುಸ್ತಕ ತೆಗೆದು, ಅಂಗಡಿ, ಆಸ್ಪತ್ರೆ, ಶಾಲೆ ನಡೆಸುವ ಗಿರಾಕಿಗಳಿಗೆ ಈ ವಾರವೇ ಫೋನ್ ಮಾಡಿ. ನಿಮ್ಮಲ್ಲೂ ಬಿಜಿಎ ಮಷಿನ್ ಇದ್ದರೆ, ಸಿಕ್ಕಷ್ಟಕ್ಕೆ ಇವತ್ತೇ ಮಾರಿ. ನಂದು ಕೊನೆಗೆ 45,000ಕ್ಕೆ ಹೋಯಿತು. ಬಳೆ ಬಿಡಿಸೋಕೆ ಅದೂ ಸಾಲಲಿಲ್ಲ, ಉಳಿದದ್ದನ್ನು ಆ ಶಾಲೆಯ ಎಎಂಸಿ ದುಡ್ಡಿಂದ ಕಟ್ಟಿದೆ.